ನೀರುಗಂಟಿಯ ಮೆಟ್ಟು

ನಮ್ಮೂರಿಗೊಂದು ಹೆಸರಿತ್ತು. ಬಳಸದೆ ಬಳಸದೆ ನಾವೇ ಅದನ್ನು ಮರೆತುಬಿಟ್ಟಿದ್ದೇವೆ. ಸುತ್ತಲಿನ ಊರಿನವರು ನಮ್ಮನ್ನು ‘ಮೆಟ್ಟು ಬದಲಿಸುವವರು’ ಅನ್ನುತ್ತಾರೆ, ಅಂದು ನಗುತ್ತಾರೆ. ನಗಲಿ ಬಿಡಿ. ನಾವು ಅವರಿಗಿಂತ ಹೆಚ್ಚು ನಕ್ಕವರು.

ನಮ್ಮಲ್ಲಿರುವುದು ಒಂದೇ ನಿಯಮ. ಬುಧವಾರ ಸಂಜೆ ಊರಿಗೆ ಊರೇ ಚೌಕದ ಕಲ್ಲುಮಂಟಪದಲ್ಲಿ ಸೇರಬೇಕು. ಸೇರುವಾಗ ಮೆಟ್ಟನ್ನು ಮೆಟ್ಟಿಲ ಕೆಳಗೆ ಬಿಡಬೇಕು. ಹೊರಡುವಾಗ ಬಂದ ಮೆಟ್ಟಿನಲ್ಲಿ ಹೊರಡಬಾರದು. ಕಾಲಿಗೆ ಸಿಕ್ಕ ಇನ್ಯಾರದೋ ಮೆಟ್ಟು ಹಾಕಿಕೊಂಡು ಮನೆಗೆ ಹೋಗಬೇಕು. ಮಾರನೆಯ ದಿನ ಆ ಮೆಟ್ಟಿನವರ ಮನೆ ಹುಡುಕಿ, ಅದನ್ನು ಹೊಸಿಲ ಹೊರಗೆ ಬಿಟ್ಟು, ಒಳಗೆ ಕೂತು ಒಂದು ಚೊಂಬು ಮಜ್ಜಿಗೆ ಕುಡಿದು, ಬರಿಗಾಲಲ್ಲಿ ವಾಪಸ್ಸು ಬರಬೇಕು. ಎರಡು ರಾತ್ರಿಗಿಂತ ಹೆಚ್ಚು ಇನ್ನೊಬ್ಬರ ಮೆಟ್ಟನ್ನು ಇಟ್ಟುಕೊಳ್ಳಬಾರದು. ಇಟ್ಟುಕೊಂಡರೆ ಮೆಟ್ಟು ತನ್ನ ಮನೆಯ ದಾರಿ ಮರೆಯುತ್ತದೆ.

ಯಾರು ಮಾಡಿದ ನಿಯಮ, ಯಾಕೆ ಮಾಡಿದ್ದು ಎಂದು ಕೇಳಬೇಡಿ. ಮರೆಗುಳಿ ಪೂರ್ವಿಕನೊಬ್ಬ ತಪ್ಪು ಮೆಟ್ಟು ಹಾಕಿಕೊಂಡು ಹೋಗಿ ಸಿಕ್ಕಿಬಿದ್ದಾಗ, ಮಾನ ಉಳಿಸಿಕೊಳ್ಳಲು ‘ಇದು ಊರಿನ ನಿಯಮ’ ಅಂದುಬಿಟ್ಟನಂತೆ. ಹಿರಿಯರು ಇನ್ನೂ ಗಂಭೀರವಾದ ಕಾರಣಗಳನ್ನು ಹೇಳುತ್ತಾರೆ. ನನಗೆ ಈ ಮರೆಗುಳಿಯ ಕಥೆಯೇ ಇಷ್ಟ.

ಗುರುವಾರ ನಮ್ಮೂರಲ್ಲಿ ಯಾರೂ ಅವರವರ ಮನೆಯಲ್ಲಿ ಸಿಗುತ್ತಿರಲಿಲ್ಲ. ಎಲ್ಲರೂ ಇನ್ನೊಬ್ಬರ ಮನೆಯಲ್ಲಿ ಮಜ್ಜಿಗೆ ಕುಡಿಯುತ್ತಾ ಕೂತಿರುತ್ತಿದ್ದರು. ಊರಿನ ಅತಿ ದಪ್ಪನೆಯ ಮನುಷ್ಯ ಹೊಸ ಮದುವಣಗಿತ್ತಿಯ ಗೆಜ್ಜೆ ಮೆಟ್ಟು ಹಾಕಿಕೊಂಡು ಝಲ್ ಝಲ್ ಅಂತ ಬೀದಿಯಲ್ಲಿ ಬರುವುದನ್ನು ನಾವು ನೋಡಿದ್ದೇವೆ. ಗೋಡೆಗಾಗಿ ಹನ್ನೆರಡು ವರ್ಷ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರಲ್ಲಿ ಅಣ್ಣನಿಗೆ ಒಂದು ಬುಧವಾರ ತಮ್ಮನ ಮೆಟ್ಟೇ ಸಿಕ್ಕಿತು. ಅದರೊಳಗೊಂದು ಮೊಳೆ ಮೇಲೆದ್ದಿತ್ತು. ಮನೆಗೆ ಹೋಗುವಷ್ಟರಲ್ಲಿ ಅವನ ಹಿಮ್ಮಡಿ ತೂತಾಯಿತು. ಇದರಲ್ಲಿ ನನ್ನ ತಮ್ಮ ದಿನವೂ ಹೇಗೆ ನಡೆಯುತ್ತಾನೆ ಎಂದು ಬೈದುಕೊಳ್ಳುತ್ತಾ ಕಲ್ಲು ತೆಗೆದುಕೊಂಡು ಮೊಳೆ ಬಡಿದು ಕೂರಿಸಿ ವಾಪಸ್ಸು ಕೊಟ್ಟ. ಗೋಡೆಯ ಜಗಳ ಇನ್ನೂ ಮುಗಿದಿಲ್ಲ. ಆದರೆ ಈಗ ಅವರು ಮಾತಾಡುತ್ತಲೇ ಜಗಳವಾಡುತ್ತಾರೆ.

ಯಾರ ಮೆಟ್ಟನ್ನು ಯಾರು ಮುಟ್ಟಬೇಕು ಎಂಬ ತಲೆನೋವು ಬೇರೆ ಊರುಗಳಲ್ಲಿ ಇದೆಯಂತೆ. ನಮ್ಮಲ್ಲಿ ಇಲ್ಲ. ಕತ್ತಲಾಗುವ ಹೊತ್ತಿಗೆ ಮೆಟ್ಟುಗಳ ರಾಶಿಯಲ್ಲಿ ಕಾಲಾಡಿಸುವಾಗ ತಲೆನೋವಿಗೆ ಪುರುಸೊತ್ತೆಲ್ಲಿ?

ಇಷ್ಟೆಲ್ಲ ಮೆಟ್ಟುಗಳಲ್ಲಿ ಕಣ್ಣು ಮುಚ್ಚಿಕೊಂಡು ಗುರುತು ಹಿಡಿಯಬಹುದಾದ ಜೋಡಿ ಒಂದೇ, ನೀರುಗಂಟಿಯದು. ನೀರುಗಂಟಿ ಅಂದರೆ ಊರಿಗೆ ನೀರು ಬಿಡುವವನು. ಎದೆಯುದ್ದದ ಕಬ್ಬಿಣದ ಸಲಾಕೆ ಹೆಗಲ ಮೇಲಿಟ್ಟುಕೊಂಡು ಬೆಳಿಗ್ಗೆ ಬೀದಿ ಬೀದಿ ತಿರುಗಿ, ಪ್ರತಿ ಬೀದಿಯ ಮೂಲೆಯ ಗುಂಡಿಗೆ ಸಲಾಕೆ ಇಳಿಸಿ, ವಾಲ್ವು ತಿರುಗಿಸಿ ಬೀದಿ ನಲ್ಲಿಗೆ ನೀರು ಬಿಡುತ್ತಿದ್ದ. ಆನೆಗಿರುವಂಥ ಪಾದ. ಟೈರಿನ ಅಟ್ಟೆಯ ಮೆಟ್ಟು. ಸದಾ ನೀರಲ್ಲೇ ನಿಲ್ಲುತ್ತಿದ್ದರಿಂದ ಆ ಮೆಟ್ಟು ಹುಟ್ಟಿದಾಗಿನಿಂದ ಒಣಗಿದ್ದಿಲ್ಲ. ಅವನು ನಡೆದರೆ ಪಚಕ್, ಪಚಕ್, ಪಚಕ್. ಆ ಸದ್ದು ಬೀದಿಯ ತಿರುವಿನಲ್ಲಿ ಕೇಳಿದರೆ ಸಾಕು, ಹಾಲು ಕುಡಿಸುತ್ತಿದ್ದವಳು ಮಗುವನ್ನು ಕೆಳಗಿಟ್ಟು, ತಲೆ ಬಾಚುತ್ತಿದ್ದವಳು ಬಾಚಣಿಗೆಯನ್ನು ತಲೆಯಲ್ಲೇ ಬಿಟ್ಟು, ಕೊಡ ಹಿಡಿದು ಓಡುತ್ತಿದ್ದರು. ಪಚಕ್ ಅಂದರೆ ನೀರು. ನಮ್ಮೂರಿನ ಕೂಸುಗಳು ಅಮ್ಮ ಅನ್ನುವ ಮೊದಲು ಪಚಕ್ ಅನ್ನುತ್ತಿದ್ದವು.

ಹೀಗಿದ್ದೆವು ನಾವು.

ಆ ಬುಧವಾರ ಹಪ್ಪಳದವಳು ಮಂಟಪದಿಂದ ಎಲ್ಲರಿಗಿಂತ ಮೊದಲು ಎದ್ದಳು. ಹಪ್ಪಳ ಮಾಡುವುದು ಅವಳ ಕೆಲಸ. ಮಾಳಿಗೆಯ ಮೇಲೆ ಇನ್ನೂರು ಹಪ್ಪಳ ಒಣಗಲು ಹಾಕಿ ಬಂದಿದ್ದಳು, ಪಡುವಣದಲ್ಲಿ ಒಂದು ಮೋಡ ಕಂಡಿತು. ಗಡಿಬಿಡಿಯಲ್ಲಿ ಅಂಚಿಗಿದ್ದ ಜೋಡಿಗೆ ಕಾಲು ತೂರಿಸಿದಳು. ಒದ್ದೆ, ತಣ್ಣಗೆ, ಅವಳ ಎರಡು ಕಾಲೂ ಒಂದೇ ಮೆಟ್ಟಿನಲ್ಲಿ ಹಿಡಿಸುವಷ್ಟು ದೊಡ್ಡದು. ಮಂಟಪದ ಮೇಲಿಂದ ನೀರುಗಂಟಿ ನೋಡಿ ಬಿದ್ದು ಬಿದ್ದು ನಕ್ಕ.

“ಅಕ್ಕಾ, ದೋಣಿ ಹತ್ತಿದ್ದೀಯ. ಜೋಪಾನ, ಮುಳುಗೀಯ!”

“ನಗಬೇಡ ಕಣೋ. ನಾಳೆ ತಂದ್ಕೊಡ್ತೀನಿ. ನಿಮ್ಮವ್ವಂಗೆ ಮಜ್ಜಿಗೆ ಕಡೆದಿಡು ಅನ್ನು.”

“ಹಂಗಾದ್ರೆ ನಿನ್ನ ಕೆಂಪು ಬಾರಿಂದು ನಂಗೇ ಇರ್ಲಿ. ಹೆಬ್ಬೆರಳಿಗಾದ್ರೂ ಆಗುತ್ತೆ!”

ಅವಳು ಪಚಕ್ ಪಚಕ್ ಅಂತ ಎರಡು ಬೀದಿ ದಾಟಿದಳು.

ಅಷ್ಟರಲ್ಲಿ ಯಾರೋ ಬಂದರು. ಯಾರು ಅಂತ ಇವತ್ತಿಗೂ ನಮಗೆ ಗೊತ್ತಿಲ್ಲ. ಮೆಟ್ಟುಗಳ ರಾಶಿಯ ನಡುವೆ ಒಂದು ಚೀಲ ಇಟ್ಟರು. ತರಕಾರಿ ತರುವಂಥ ಕೈಚೀಲ. ಇಟ್ಟು, ತಾವು ಬಂದ ಮೆಟ್ಟಿನಲ್ಲೇ ಹೋದರು.

ಆಮೇಲೆ ಚೀಲ ಸಿಡಿದ ಆ ಸದ್ದು.

ಹನ್ನೊಂದು ಜನ ಹೋದರು. ನೀರುಗಂಟಿ ಅವರಲ್ಲೊಬ್ಬ. ಇದನ್ನು ಹೇಳುವಾಗ ನನ್ನ ಬಾಯಿ ಒಣಗುತ್ತದೆ, ಆದ್ದರಿಂದ ಇಷ್ಟಕ್ಕೇ ಬಿಡುತ್ತೇನೆ.

ಮಾರನೆಯ ಗುರುವಾರ ಯಾರೂ ಯಾರ ಮನೆಗೂ ಹೋಗಲಿಲ್ಲ. ಮುಂದಿನ ಬುಧವಾರ ಯಾರೂ ಮಂಟಪಕ್ಕೆ ಹೋಗಲಿಲ್ಲ. ಹಿರಿಯರು ಕಿಟಕಿಯಿಂದ ಕಿಟಕಿಗೆ ಹೇಳಿ ಕಳಿಸಿದರು: ಇನ್ನು ಮೇಲೆ ಅವರವರ ಮೆಟ್ಟು ಅವರವರ ಕಾಲಿಗೆ. ನಾವು ಮೆಟ್ಟುಗಳನ್ನು ಮನೆಯೊಳಗೆ, ಮಂಚದ ಕೆಳಗೆ ಇಟ್ಟುಕೊಂಡೆವು. ಬಾಗಿಲಿಗೆ ಎರಡನೆಯ ಚಿಲಕ ಹಾಕಿಸಿದೆವು. ಸಾಸಿವೆ ಸಿಡಿಯುವ ಸದ್ದಿಗೆ ಮಕ್ಕಳು ಬೆಚ್ಚುತ್ತಿದ್ದವು ಎಂದು ಒಗ್ಗರಣೆ ಹಾಕುವುದನ್ನು ಬಿಟ್ಟೆವು. ಮಕ್ಕಳ ಹೆಸರು ಹೇಳಿದೆ, ಬೆಚ್ಚುತ್ತಿದ್ದವರು ನಾವೇ. ಎರಡು ತಿಂಗಳು ನಮ್ಮೂರಿನ ಸಾರಿಗೆ ಒಗ್ಗರಣೆ ಇರಲಿಲ್ಲ. ಹಪ್ಪಳವನ್ನು ಕೂಡ ಸಾರಿನಲ್ಲಿ ನೆನೆಹಾಕಿ ಸದ್ದಾಗದಂತೆ ನುಂಗುತ್ತಿದ್ದೆವು.

ನೀರಿನ ವಿಷಯ ಇನ್ನೂ ನಾಚಿಕೆಗೇಡಿನದು. ವಾಲ್ವು ತಿರುಗಿಸುವ ಸಲಾಕೆ ಇದ್ದದ್ದು ಒಂದೇ, ಅದು ನೀರುಗಂಟಿಯ ಮನೆಯ ಬಾಗಿಲ ಹಿಂದೆ ನಿಂತಿತ್ತು. ಅವನಿಗಿದ್ದದ್ದು ತಾಯಿ ಒಬ್ಬಳು. ಆ ತಾಯಿಯ ಮುಂದೆ ನಿಂತು ಸಲಾಕೆ ಕೊಡವ್ವ ಎಂದು ಕೇಳುವ ಧೈರ್ಯ ಊರಲ್ಲಿ ಒಬ್ಬರಿಗೂ ಬರಲಿಲ್ಲ. ಅದಕ್ಕೆ ಹಿರಿಯರು ಊರಿಡೀ ನೆಲ ಅಗೆಸಿ, ಪ್ರತಿ ಮನೆಯ ಹಿತ್ತಲಿಗೆ ಒಂದೊಂದು ಸಣ್ಣ ಕೊಳವೆ ಎಳೆಸಿದರು. ಅದರಲ್ಲಿ ಹಗಲೂ ರಾತ್ರಿ ನೂಲಿನಷ್ಟು ನೀರು. ಒಂದು ಕೊಡ ತುಂಬಲು ಅರ್ಧ ದಿನ. ಯಾರೂ ಹೊರಗೆ ಬರಬೇಕಾಗಿಲ್ಲ, ಯಾರ ಮುಖವನ್ನೂ ನೋಡಬೇಕಾಗಿಲ್ಲ. ಒಬ್ಬ ತಾಯಿಯ ಕಣ್ಣು ತಪ್ಪಿಸಲು ಇಡೀ ಊರು ಅಗೆದವರು ನಾವು.

ಹಪ್ಪಳದವಳ ಮನೆಯ ಹೊಸಿಲ ಒಳಗೆ, ಗೋಡೆಗೆ ಒತ್ತಿಕೊಂಡು, ನೀರುಗಂಟಿಯ ಮೆಟ್ಟು ಇತ್ತು.

ಅವಳು ದಿನವೂ ಬೆಳಿಗ್ಗೆ ಎದ್ದು ಮೊದಲು ಆ ಮೆಟ್ಟಿನ ಮೇಲೆ ನೀರು ಚಿಮುಕಿಸುತ್ತಿದ್ದಳು. ಮಧ್ಯಾಹ್ನ ಒಮ್ಮೆ, ಸಂಜೆ ಒಮ್ಮೆ. ತಾನು ಕುಡಿಯುವ ನೀರಲ್ಲಿ ಉಳಿಸಿ ಚಿಮುಕಿಸುತ್ತಿದ್ದಳು. ಒಣಗಿದರೆ ಅವನು ನಿಜವಾಗಿಯೂ ಹೋದ ಹಾಗೆ ಎಂದು ಅವಳಿಗೆ ಅನ್ನಿಸುತ್ತಿತ್ತು. ಇನ್ನೊಂದು ಮಾತೂ ಅವಳ ಎದೆಯಲ್ಲಿತ್ತು, ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಅಷ್ಟು ದೊಡ್ಡ ಕಾಲಿಗೆ ಆಗುವಂಥ ಮೆಟ್ಟು ಹುಡುಕುತ್ತಾ ಅವನು ರಾಶಿಯ ಹತ್ತಿರ ತಡವಾಗಿ ನಿಂತಿರಬೇಕು. ಹಗುರ ಹೆಜ್ಜೆಯ ತಾನು ಅವನ ಮೆಟ್ಟು ಹಾಕಿಕೊಂಡು ಬದುಕಿದೆ, ತನ್ನ ಚಿಕ್ಕ ಮೆಟ್ಟು ಅವನನ್ನು ಅಲ್ಲೇ ಕಟ್ಟಿಹಾಕಿತು. ಹೀಗೆ ಅಂದುಕೊಂಡು ಅವಳು ಹಪ್ಪಳದ ಹಿಟ್ಟನ್ನು ನಾದುತ್ತಿದ್ದಳು. ಉಪ್ಪು ಬೇರೆ ಹಾಕಬೇಕಾಗಿರಲಿಲ್ಲ.

ಅವಳ ಮನೆಯಲ್ಲಿ ಒಬ್ಬಳು ಅತ್ತೆ ಇದ್ದಳು. ಬಾಯಿ ಜೋರು, ಕಾಲು ನಿಧಾನ.

“ಎರಡು ರಾತ್ರಿಗಿಂತ ಇಟ್ಕೋಬಾರದು ಕಣೇ. ಅರವತ್ತಾಯ್ತು.”

“ಹೆಂಗೆ ಹೋಗ್ಲಿ ಅತ್ತೆ? ಹೋಗಿ ಏನಂತ ಹೇಳ್ಲಿ?”

“ಏನೂ ಹೇಳ್ಬೇಡ. ಮೆಟ್ಟು ಬಿಡು, ಮಜ್ಜಿಗೆ ಕುಡಿ, ಬಾ. ಅವರವ್ವ ಇದಾಳಲ್ಲ, ನಿನ್ನ ದಾರಿ ನೋಡ್ತಾ ಇರ್ತಾಳೆ. ಮಗನ್ನ ಕಳ್ಕೊಂಡೋಳಿಗೆ ಮಗನ ಮೆಟ್ಟಾದ್ರೂ ಬರಬೇಡ್ವೇನೇ?”

ಈ ಮಾತು ಹಪ್ಪಳದವಳಿಗೆ ಮೊಳೆಯಂತೆ ಚುಚ್ಚಿತು. ಮಾರನೆಯ ಬೆಳಿಗ್ಗೆ ಮೆಟ್ಟನ್ನು ಒಂದು ಕೈಚೀಲಕ್ಕೆ ಹಾಕಿಕೊಂಡು ಹೊರಟಳು. ಹತ್ತು ಹೆಜ್ಜೆ ನಡೆದಿರಬೇಕು. ಬೀದಿಯ ಕಿಟಕಿಗಳೆಲ್ಲ ಒಂದರ ಹಿಂದೊಂದು ಧಡ್ ಧಡ್ ಎಂದು ಮುಚ್ಚಿಕೊಂಡವು. ಒಂದು ಕಿಟಕಿಯ ಸಂದಿನಿಂದ ಕೂಗು ಬಂತು: “ಚೀಲದಲ್ಲೇನು? ಚೀಲ ಕೆಳಗಿಡಬೇಡ! ದೂರ ಹೋಗು!” ಅವಳು ಚೀಲವನ್ನು ನೋಡಿದಳು. ತಾನೇ ಹೊಲಿದ ಚೀಲ, ಒಳಗಿರುವುದು ಏನೆಂದು ತನಗೇ ಗೊತ್ತು. ಆದರೂ ತನ್ನ ಚೀಲಕ್ಕೆ ತಾನೇ ಹೆದರಿ ಮನೆಗೆ ಓಡಿ ಬಂದಳು.

ಅದರ ಮಾರನೆಯ ದಿನ ಚೀಲವಿಲ್ಲದೆ ಹೊರಟಳು. ಮೆಟ್ಟನ್ನು ಎಲ್ಲರಿಗೂ ಕಾಣುವ ಹಾಗೆ ಕೈಯಲ್ಲೇ ಹಿಡಿದಿದ್ದಳು. ಮೆಟ್ಟು ಕೈಗೆ ಬಂದ ಹೆಂಗಸನ್ನು ಕಂಡರೆ ಗಂಡಸರಿಗೆ ಏನನ್ನಿಸುತ್ತದೆ ಎಂಬುದು ಅವಳಿಗೆ ಆ ಗಡಿಬಿಡಿಯಲ್ಲಿ ಹೊಳೆಯಲಿಲ್ಲ. ಕಿಟಕಿಯ ಬಳಿ ಇಸ್ತ್ರಿ ಮಾಡುತ್ತಿದ್ದ ಇಸ್ತ್ರಿಯವನು ಅವಳನ್ನು ಕಂಡು ಬಿಳಿಚಿಕೊಂಡ.

“ಅಕ್ಕಾ, ಬೇಡಕ್ಕಾ! ನಾನು ಬೇಕಂತ ಬಚ್ಚಿಟ್ಟಿಲ್ಲಕ್ಕಾ!” ಎಂದು ಕೂಗಿ ಕಿಟಕಿ ಹಾಕಿಕೊಂಡ. ಒಳಗಿಂದ ಸೀರೆ ಸೀದ ವಾಸನೆ ಬಂತು.

ಏನು ಬಚ್ಚಿಟ್ಟಿದ್ದಾನೆ ಎಂದು ಅವಳಿಗೆ ತಿಳಿಯಲಿಲ್ಲ. ಮೆಟ್ಟನ್ನು ಸೆರಗಿನಲ್ಲಿ ಮುಚ್ಚಿಕೊಂಡು ವಾಪಸ್ಸು ಬಂದಳು.

ಅತ್ತೆ ಕಥೆ ಕೇಳಿ ಸೊಂಟ ಹಿಡಿದುಕೊಂಡು ನಕ್ಕಳು. ಎರಡು ತಿಂಗಳ ನಂತರ ಆ ಮನೆಯಲ್ಲಿ ಕೇಳಿದ ಮೊದಲ ನಗು ಅದು. ಸೊಸೆಗೆ ಕೋಪ ಬಂತು, ಆಮೇಲೆ ಅವಳಿಗೂ ನಗು ಬಂತು, ನಕ್ಕಿದ್ದಕ್ಕೆ ಅಳು ಬಂತು.

“ಅಲ್ಲ ಕಣೇ,” ಅಂದಳು ಅತ್ತೆ ಕಣ್ಣೊರೆಸಿಕೊಂಡು, “ಮೆಟ್ಟು ಅಂತ ಮಾಡಿರೋದು ಯಾತಕ್ಕೆ? ಚೀಲದಲ್ಲಿ ಇಡಕ್ಕಾ, ಕೈಯಲ್ಲಿ ಹಿಡಿಯಕ್ಕಾ?”

ಹಪ್ಪಳದವಳು ಮೆಟ್ಟನ್ನು ನೋಡಿದಳು. ಅರವತ್ತು ದಿನ ನೀರು ಚಿಮುಕಿಸಿದ್ದಳು, ಒಮ್ಮೆಯೂ ಕಾಲು ಇಟ್ಟಿರಲಿಲ್ಲ.

“ಅದನ್ನ ಹಾಕ್ಕೊಂಡು ನಾನು ನಡೀಲಾ?”

“ಅವತ್ತು ಹಾಕ್ಕೊಂಡೇ ಬಂದ್ಯಲ್ಲ. ಹಂಗೇ ಹೋಗು.”

ಅತ್ತೆ ಎದ್ದು, ಅರ್ಧ ದಿನದಲ್ಲಿ ತುಂಬಿದ್ದ ಕೊಡವನ್ನು ಎಳೆದು ತಂದು, ಇಡೀ ಕೊಡವನ್ನು ಆ ಮೆಟ್ಟಿನ ಮೇಲೆ ಸುರಿದಳು. “ಅವನು ಯಾವತ್ತೂ ತೊಟ್ಟು ಲೆಕ್ಕ ಮಾಡಿ ನೀರು ಬಿಟ್ಟೋನಲ್ಲ,” ಅಂದಳು.

ಹಪ್ಪಳದವಳು ಕಾಲಿಟ್ಟಳು. ತಣ್ಣಗಿತ್ತು. ಹೊಸಿಲು ದಾಟಿದಳು.

ಪಚಕ್.

ತನ್ನ ಸದ್ದಿಗೆ ತಾನೇ ನಿಂತಳು. ಬೀದಿ ಖಾಲಿ. ಇನ್ನೊಂದು ಹೆಜ್ಜೆ ಇಟ್ಟಳು. ಪಚಕ್. ಮತ್ತೊಂದು. ಪಚಕ್, ಪಚಕ್.

ಮೂಲೆ ಮನೆಯ ಒಳಗೆ ಏನೋ ಉರುಳಿದ ಸದ್ದಾಯಿತು. ಒಂದು ಚಿಲಕ ತೆಗೆಯಿತು, ಎರಡನೆಯ ಚಿಲಕವೂ ತೆಗೆಯಿತು. ಬಾಗಿಲು ತೆರೆದು ಒಬ್ಬಳು ಕೊಡ ಹಿಡಿದು ಓಡಿ ಬಂದಳು. ನಮ್ಮೂರಿನ ಯಾವ ನಲ್ಲಿಯ ಮುಂದಾದರೂ ಯಾವಾಗಲೂ ಸಾಲಿನ ಮೊದಲು ನಿಲ್ಲುತ್ತಿದ್ದವಳು ಅವಳು, ಜಗಳಗಂಟಿ. ಅವಳ ಹಿಂದೆ ಎದುರು ಮನೆಯವಳು ಎರಡು ಕೊಡ ಹಿಡಿದು ಓಡಿದಳು. ಆಮೇಲೆ ದಪ್ಪನೆಯ ಮನುಷ್ಯ, ತಲೆಯ ಮೇಲೆ ಹಂಡೆ. ಆಮೇಲೆ ಒಂದು ಕೈಯಲ್ಲಿ ಬಕೆಟ್ಟು, ಇನ್ನೊಂದು ಕೈಯಲ್ಲಿ ಮಗು ಹಿಡಿದವಳು. ತಲೆಯಲ್ಲಿ ಬಾಚಣಿಗೆ ಸಿಕ್ಕಿಸಿಕೊಂಡವಳು. ಬಿಂದಿಗೆ, ತಪ್ಪಲೆ, ಚೆಂಬು. ಕ್ಷಣದಲ್ಲಿ ಬೀದಿ ನಲ್ಲಿಯ ಮುಂದೆ ಉದ್ದನೆಯ ಸಾಲು ನಿಂತಿತು, ಹಿಂದೆ ನಿಲ್ಲುತ್ತಿದ್ದ ಕ್ರಮದಲ್ಲೇ, “ನಾನು ಮೊದಲು” “ನಾನು ಮೊದಲು” ಅನ್ನುತ್ತಾ.

ಯೋಚನೆ ಮಾಡಿ ಬಂದವರು ಒಬ್ಬರೂ ಇರಲಿಲ್ಲ. ಕಾಲು ಕೇಳಿತು, ಕಾಲು ಓಡಿತು. ಎರಡು ತಿಂಗಳ ಭಯ, ಎರಡೆರಡು ಚಿಲಕ, ಹಿರಿಯರ ಅಪ್ಪಣೆ ಎಲ್ಲವೂ ಒಳಗೇ ಉಳಿದವು. ನಾನೂ ಓಡಿದ್ದೆ. ಕೊಡ ಎಂದುಕೊಂಡು ದೇವರ ಮನೆಯ ಗಂಟೆ ಹಿಡಿದು ಬಂದಿದ್ದೆ.

ಬಂದು ನೋಡಿದರೆ ನಲ್ಲಿಯ ಮುಂದೆ ನೀರುಗಂಟಿ ಇಲ್ಲ. ಹಪ್ಪಳದವಳು ನಿಂತಿದ್ದಾಳೆ, ಕಾಲಲ್ಲಿ ಅವನ ಮೆಟ್ಟು.

ಖಾಲಿ ಕೊಡಗಳನ್ನು ಹಿಡಿದುಕೊಂಡು ಎರಡು ತಿಂಗಳ ನಂತರ ಒಬ್ಬರ ಮುಖ ಒಬ್ಬರು ನೋಡಿದೆವು. ಎಲ್ಲರೂ ಸೊರಗಿದ್ದರು. ಸಾಲಿನ ಮೊದಲಿನವಳು ಮೆಟ್ಟನ್ನೇ ನೋಡುತ್ತಾ ಗೊಳೋ ಎಂದು ಅತ್ತಳು. ಅವಳು ಅತ್ತಿದ್ದನ್ನು ನಾವು ಯಾರೂ ಯಾವತ್ತೂ ಕಂಡಿರಲಿಲ್ಲ.

“ಎಲ್ಲಿಗೆ ಹೊರಟೆ?” ಎಂದು ಅಳುತ್ತಲೇ ಕೇಳಿದಳು.

“ಅವರ ಮನೆಗೆ. ಮೆಟ್ಟು ಬಿಡಕ್ಕೆ.”

“ನಡಿ, ನಾವೂ ಬರ್ತೀವಿ.”

ಒಮ್ಮೆ ಕೊಡ ಹಿಡಿದು ಹೊರಗೆ ಬಂದವಳು ಖಾಲಿ ಕೊಡದೊಂದಿಗೆ ಮನೆಯೊಳಗೆ ಹೋಗುವುದು ನಮ್ಮೂರಿನ ಹೆಂಗಸರ ಜಾಯಮಾನದಲ್ಲೇ ಇಲ್ಲ. ಹೀಗೆ ಮುಂದೆ ಹಪ್ಪಳದವಳು, ಹಿಂದೆ ಊರು. ಪಚಕ್, ಪಚಕ್. ಪ್ರತಿ ತಿರುವಿನಲ್ಲೂ ಇನ್ನೊಂದು ಬೀದಿಯ ಬಾಗಿಲುಗಳು ತೆರೆದವು, ಇನ್ನಷ್ಟು ಕೊಡಗಳು ಓಡಿ ಬಂದು, ನೋಡಿ, ಬೆಪ್ಪಾಗಿ, ಹಿಂದೆ ಸೇರಿಕೊಂಡವು.

ನೀರುಗಂಟಿಯ ಮನೆಯ ಬೇಲಿಯ ಹತ್ತಿರ ಬಂದಾಗ ಹಪ್ಪಳದವಳಿಗೆ ತಟ್ಟನೆ ಒಂದು ಮಾತು ಹೊಳೆಯಿತು. ಕಾಲು ಕಲ್ಲಾಯಿತು. ಇಡೀ ಊರು ಈ ಸದ್ದು ಕೇಳಿ ಅವನೆಂದುಕೊಂಡು ಓಡಿ ಬಂತು. ಒಳಗಿರುವವಳು ತಾಯಿ. ಅವಳು ಏನೆಂದುಕೊಂಡಿರಬೇಕು? ಓಡಿ ಬಂದು ಬಾಗಿಲು ತೆರೆದು, ಮಗನನ್ನು ಹುಡುಕಿ, ಈ ಹಾಳು ಮುಖವನ್ನು ನೋಡಬೇಕಾ? ಅವಳು ಬಗ್ಗಿ ಮೆಟ್ಟು ಬಿಚ್ಚಲು ಹೋದಳು. ಒದ್ದೆ ಬಾರು ಕಾಲಿಗೆ ಅಂಟಿಕೊಂಡಿತ್ತು.

ಬಾಗಿಲು ತೆರೆಯಿತು. ತಾಯಿ ಓಡಿ ಬರಲಿಲ್ಲ. ನಿಧಾನವಾಗಿ ಬಂದಳು. ಕೈಯಲ್ಲಿ ಒಂದು ಚೊಂಬು ಮಜ್ಜಿಗೆ ಇತ್ತು.

“ಬಂದ್ಯಾ ಮಗಾ,” ಅಂದಳು. “ದಿನಾ ಕಡೀತೀನಿ, ನೀನು ಬರಲ್ಲ, ಸಂಜೆ ಕರಿಬೇವಿನ ಗಿಡಕ್ಕೆ ಹೊಯ್ತೀನಿ. ಅಲ್ನೋಡು, ಹೆಂಗೆ ಸೊಕ್ಕೈತೆ.”

ಅಂಗಳದ ಕರಿಬೇವಿನ ಗಿಡ ಅರವತ್ತು ಚೊಂಬು ಹುಳಿಮಜ್ಜಿಗೆ ಕುಡಿದು ಮಾಡು ಮೀರಿ ಬೆಳೆದಿತ್ತು.

“ಅವ್ವಾ, ಸದ್ದು ಕೇಳಿ ನೀನು...” ಅಂದಳು ಹಪ್ಪಳದವಳು.

“ನನ್ನ ಮಗನ ಹೆಜ್ಜೆ ನಂಗೆ ಗೊತ್ತಾಗಲ್ವಾ? ಅವನು ಒಂದು ಹೆಜ್ಜೆ ಇಡೋ ಜಾಗದಾಗೆ ನೀನು ಮೂರು ಇಡ್ತೀಯ.” ತಾಯಿ ಚೊಂಬನ್ನು ಅವಳ ಕೈಗಿಟ್ಟಳು. “ಮೊದಲ ನಾಲ್ಕು ಹೆಜ್ಜೆ ಮಾತ್ರ ಕಣ್ಣು ಮುಚ್ಕೊಂಡು ಕೇಳ್ದೆ. ನಾಲ್ಕು ಹೆಜ್ಜೆ ನಂಗೇ ಇರ್ಲಿ ಅಂತ.”

ಆಗ ಹಪ್ಪಳದವಳು ಅರವತ್ತು ದಿನ ನಾದಿದ ಮಾತನ್ನು ಹೊರಗೆ ಹಾಕಿದಳು. “ಅವ್ವಾ, ಅವನ ಮೆಟ್ಟು ಹಾಕ್ಕೊಂಡು ನಾನು ಬದುಕಿದೆ. ನನ್ನ ಮೆಟ್ಟು ಅವನಿಗೆ ಆಗ್ಲಿಲ್ಲ. ಆಗೋ ಅಂಥದ್ದು ಹುಡುಕ್ತಾ ಅವನು ತಡ ಮಾಡಿದ. ನನ್ನಿಂದ ಆಯ್ತು ಅವ್ವಾ.”

“ಹುಚ್ಚುಮುಂಡೇದೆ,” ಅಂದಳು ತಾಯಿ, ಅಷ್ಟು ಪ್ರೀತಿಯಿಂದ ಬೈದದ್ದನ್ನು ನಾನು ಕೇಳಿಲ್ಲ. “ಅವನಿಗೆ ಈ ಊರಲ್ಲಿ ಯಾರ ಮೆಟ್ಟು ಆಗ್ತಿತ್ತು ಹೇಳು? ಯಾವಾಗ್ಲೂ ಕೊನೇಗೇ ಏಳೋನು, ಉಳಿದಿದ್ದಕ್ಕೆ ಹೆಬ್ಬೆರಳು ತೂರಿಸ್ಕೊಂಡು ಬರೋನು. ಅವತ್ತು ಹುಡುಕಿದ್ದೂ ಇಲ್ಲ.” ಒಳಗೆ ಹೋಗಿ ಒಂದು ಮೆಟ್ಟು ತಂದಳು. ಕೆಂಪು ಬಾರಿನದು, ಹೆಬ್ಬೆರಳು ತೂರಿಸುವ ಉಂಗುಷ್ಟಕ್ಕೆ ಸೀರೆಯ ಅಂಚಿನಿಂದ ತೇಪೆ ಹಾಕಿದ್ದು. “ಅವನ ಹೆಬ್ಬೆರಳಲ್ಲೇ ಇತ್ತಂತೆ. ನಿನ್ನದನ್ನೇ ಹಾಕ್ಕೊಂಡು ಮನೆಗೆ ಹೊರಟಿದ್ದ. ಇನ್ನೊಂದು ಸಿಗಲಿಲ್ಲ.”

“ನೀನಾದ್ರೂ ಇದನ್ನ ಹಿಡ್ಕೊಂಡು ಯಾಕವ್ವ ಬರ್ಲಿಲ್ಲ?”

“ಹೆಂಗೆ ಬರ್ಲಿ? ಒಂಟಿ ಮೆಟ್ಟು ಕೈಯಲ್ಲಿ ಹಿಡ್ಕೊಂಡು ಬಂದ್ರೆ ಊರೋರು ಹೊಡೆಯಕ್ಕೆ ಬಂದ್ಲು ಅನ್ನಲ್ವಾ?”

ಹಪ್ಪಳದವಳು ಇಸ್ತ್ರಿಯವನನ್ನು ನೋಡಿದಳು. ಇಸ್ತ್ರಿಯವನು ನೆಲ ನೋಡಿದ. ಮೊದಲು ಯಾರು ನಕ್ಕರೋ ಗೊತ್ತಿಲ್ಲ. ತಾಯಿಯೇ ಇರಬೇಕು. ಊರೆಲ್ಲ ನಕ್ಕಿತು, ಕೊಡಗಳು ಒಂದಕ್ಕೊಂದು ತಾಗಿ ಠಣಠಣ ಅಂದವು, ಆ ಸದ್ದಿಗೆ ಒಬ್ಬರೂ ಬೆಚ್ಚಲಿಲ್ಲ.

ನಗು ನಿಂತಾಗ ಇಸ್ತ್ರಿಯವನು ಮೆಲ್ಲಗೆ ಹೇಳಿದ. “ನಮ್ಮ ಮನೇಲೂ ಒಂದು ಜೊತೆ ಇದೆ ಅವ್ವ. ಹೂವಿನವಳದ್ದು. ನಾನೂ ಅವತ್ತು ಬೇಗ ಎದ್ದಿದ್ದೆ. ಅಟ್ಟದ ಮೇಲೆ ಇಟ್ಟಿದ್ದೀನಿ.” ಹೂವಿನವಳು ಹನ್ನೊಂದರಲ್ಲೊಬ್ಬಳು. ದಪ್ಪನೆಯ ಮನುಷ್ಯ ಹಂಡೆ ಕೆಳಗಿಟ್ಟು, “ನಮ್ಮಲ್ಲಿ ಮೇಷ್ಟ್ರದ್ದು,” ಅಂದ. ಇನ್ನೊಬ್ಬಳು ಸೆರಗು ಬಾಯಿಗೆ ಒತ್ತಿಕೊಂಡು ಕೈ ಎತ್ತಿದಳು. ಹೀಗೆ ಆರು ಮನೆಯಲ್ಲಿ ಆರು ಜೊತೆ, ಅಟ್ಟದ ಮೇಲೆ, ಕಣಜದೊಳಗೆ, ಹಾಸಿಗೆಯ ಕೆಳಗೆ. ಪ್ರತಿಯೊಬ್ಬರೂ ತಾನೊಬ್ಬನೇ ಎಂದುಕೊಂಡು ಬಾಗಿಲು ಹಾಕಿಕೊಂಡಿದ್ದರು.

“ತಂದು ಕೊಡ್ರಪ್ಪ,” ಅಂದಳು ತಾಯಿ. “ಆ ಮನೆಗಳಲ್ಲೂ ಮಜ್ಜಿಗೆ ಕಡೀತಾ ಇರ್ತಾರೆ. ಎಲ್ಲರ ಹಿತ್ತಲಲ್ಲೂ ಕರಿಬೇವು ಇರಲ್ಲ, ಪಾಪ.”

ಹಪ್ಪಳದವಳು ಮಜ್ಜಿಗೆ ಕುಡಿದಳು. ಚೊಂಬು ಕೆಳಗಿಟ್ಟು ಹೊಸಿಲ ಹೊರಗೆ ಮೆಟ್ಟು ಬಿಟ್ಟಳು. ಬರಿಗಾಲಲ್ಲಿ ಹೊರಟವಳನ್ನು ತಾಯಿ ತಡೆದಳು. ಬಾಗಿಲ ಹಿಂದಿನಿಂದ ಸಲಾಕೆ ತಂದು ಅವಳ ಹೆಗಲಿಗೆ ಒರಗಿಸಿದಳು.

“ಇಷ್ಟು ಕೊಡ ಕರ್ಕೊಂಡು ಬಂದು ಹಂಗೇ ಹೋಗ್ತೀಯಾ? ನೀರು ಬಿಡು.”

“ನಂಗೆ ಬರಲ್ಲ ಅವ್ವ.”

“ಅವನಿಗೂ ಹುಟ್ಟುತ್ಲೇ ಬರ್ತಿರ್ಲಿಲ್ಲ. ಎಡಕ್ಕೆ ತಿರುಗಿಸು, ಏಳು ಸುತ್ತು.” ಆಮೇಲೆ ಬಗ್ಗಿ, ಅವಳ ಬಲಗಾಲಿಗೆ ಕೆಂಪು ಬಾರಿನ ಚಿಕ್ಕ ಮೆಟ್ಟು ಹಾಕಿದಳು. ಎಡಗಾಲಿಗೆ ಮಗನ ದೊಡ್ಡ ಮೆಟ್ಟು ಹಾಕಿದಳು. ಮಗನ ಇನ್ನೊಂದನ್ನು ಎದೆಗೆ ಹಿಡಿದುಕೊಂಡಳು. “ಒಂದು ನಿಂದು, ಒಂದು ಅವನದು. ಇದೊಂದು ನಂಗಿರ್ಲಿ. ನಿಯಮ ತಪ್ಪಿಲ್ಲ, ಬಂದ ಮೆಟ್ಟಲ್ಲಿ ನೀನು ಹೋಗ್ತಿಲ್ಲ.”

ಹಪ್ಪಳದ ಹಿಟ್ಟು ನಾದಿ ನಾದಿ ಅವಳ ತೋಳಿಗೆ ಬಂದಿದ್ದ ಬಲ ಅವತ್ತು ಕೆಲಸಕ್ಕೆ ಬಂತು. ಬೀದಿ ಮೂಲೆಯ ಗುಂಡಿಗೆ ಸಲಾಕೆ ಇಳಿಸಿ ತಿರುಗಿಸಿದಳು. ಆರನೆಯ ಸುತ್ತಿಗೆ ನಲ್ಲಿ ಗೊರಗೊರ ಅಂತು. ಏಳನೆಯ ಸುತ್ತಿಗೆ ನೀರು ಹೆಬ್ಬೆರಳ ಗಾತ್ರ ಬಂತು, ಮುಂಗೈ ಗಾತ್ರ ಬಂತು, ಕೊಡಗಳ ಮೇಲೆ ಹಾರಿ ಎಲ್ಲರ ಮೈ ತೋಯಿಸಿತು. ಮಕ್ಕಳು ಕುಣಿದವು. ಸಾಲಿನ ಮೊದಲಿನವಳು ಹಿಂದಿನವಳ ಬಿಂದಿಗೆಯನ್ನು ಮೊಣಕೈಯಿಂದ ತಳ್ಳಿದಳು, ಹಿಂದಿನವಳು ಅವಳ ಏಳು ತಲೆಮಾರನ್ನು ಕರೆದಳು. ಆ ಜಗಳವನ್ನು ಎಷ್ಟು ಹೊತ್ತು ಕೇಳಿದರೂ ನಮಗೆ ಸಾಕಾಗಲಿಲ್ಲ. ಮಧ್ಯಾಹ್ನ ಊರಿನ ಪ್ರತಿ ಮನೆಯಲ್ಲೂ ಸಾಸಿವೆ ಸಿಡಿಯಿತು. ಕರಿಬೇವು ಎಲ್ಲಿಂದ ಬಂತೆಂದು ಬೇರೆ ಹೇಳಬೇಕಾಗಿಲ್ಲ.

ಭಯ ಹೋಯಿತೇ ಎಂದು ಕೇಳಿದರೆ, ಇಲ್ಲ. ಬುಧವಾರ ಮಂಟಪಕ್ಕೆ ಹೋಗುವಾಗ ಇವತ್ತಿಗೂ ನಾವು ಮೆಟ್ಟಿಲ ಕೆಳಗೆ ಒಮ್ಮೆ ಬಗ್ಗಿ ನೋಡುತ್ತೇವೆ. ನೋಡಿ, ಮೆಟ್ಟು ಬಿಟ್ಟು, ಮೇಲೆ ಹತ್ತುತ್ತೇವೆ. ಆರು ಮನೆಗೆ ಆರು ಜೊತೆ ಮರಳಿದವು, ಆ ಮನೆಯವರು ಅವನ್ನು ಮತ್ತೆ ರಾಶಿಗೇ ತಂದುಬಿಟ್ಟರು. ಈಗ ಹೂವಿನವಳ ಮೆಟ್ಟು ಒಂದು ವಾರ ನನ್ನ ಕಾಲಿಗೆ ಸಿಗುತ್ತದೆ, ಒಂದು ವಾರ ಇನ್ನೊಬ್ಬರ ಕಾಲಿಗೆ. ಯಾವ ಗುರುವಾರವೂ ಆ ಮನೆಯ ಮಜ್ಜಿಗೆ ಉಳಿಯುವುದಿಲ್ಲ.

ಹಿರಿಯರು ಎಳೆಸಿದ ಹಿತ್ತಲ ಕೊಳವೆಗಳಿಗೆ ತುಕ್ಕು ಹಿಡಿದಿದೆ. ಬೆಳಿಗ್ಗೆ ಬೀದಿಯ ತಿರುವಿನಲ್ಲಿ ಈಗ ಬೇರೊಂದು ಸದ್ದು ಕೇಳುತ್ತದೆ. ಒಂದು ಕಾಲಲ್ಲಿ ಒಣಗಿದ ಚಿಕ್ಕ ಮೆಟ್ಟು, ಒಂದು ಕಾಲಲ್ಲಿ ಒದ್ದೆ ದೊಡ್ಡ ಮೆಟ್ಟು. ಟಪ್ ಪಚಕ್, ಟಪ್ ಪಚಕ್. ಹೊಸದಾಗಿ ಹುಟ್ಟಿದ ಕೂಸುಗಳು ಇದನ್ನೇ ಕಲಿಯುತ್ತಿವೆ.

ಮತ್ತು ಆ ತಾಯಿ. ಮಗ ಇದ್ದಷ್ಟು ದಿನ ಅವಳ ಮನೆಗೆ ನೀರು ತಾನಾಗಿ ಬರುತ್ತಿತ್ತು, ಸಾಲು ನಿಂತೇ ಗೊತ್ತಿರಲಿಲ್ಲ. ಈಗ ಎಲ್ಲರಿಗಿಂತ ಮೊದಲು ಬಂದು, ಜಗಳಗಂಟಿಯನ್ನೂ ಹಿಂದೆ ಹಾಕಿ, ನಲ್ಲಿಯ ಕೆಳಗೆ ಕೊಡ ಇಟ್ಟು, ಕಣ್ಣು ಮುಚ್ಚಿ ನಿಲ್ಲುತ್ತಾಳೆ. ದೂರದಲ್ಲಿ ಟಪ್ ಪಚಕ್ ಕೇಳಿಸುತ್ತದೆ. ನಾಲ್ಕು ಹೆಜ್ಜೆ ಸುಮ್ಮನೆ ಕೇಳುತ್ತಾಳೆ. ನಾವೂ ಆ ನಾಲ್ಕು ಹೆಜ್ಜೆ ಮಾತು ನಿಲ್ಲಿಸುತ್ತೇವೆ. ಐದನೆಯದಕ್ಕೆ ಕಣ್ಣು ಬಿಟ್ಟು, ಸೊಂಟಕ್ಕೆ ಕೈ ಇಟ್ಟು, ಬೀದಿಗೆಲ್ಲ ಕೇಳುವಂತೆ ಕೂಗುತ್ತಾಳೆ:

“ಬೇಗ ಬಾರೇ ಮಗಾ, ಕೊಡ ಇಟ್ಟು ಎಷ್ಟು ಹೊತ್ತಾಯ್ತು!”